ನೀವು ಕೇಳಿದ ಜಾಗ

ಸನ್ಮಾನ್ಯ ನಾಟಕಕಾರರಿಗೆ,

ಕ್ಷೇಮವೇ ಎಂದು ಕೇಳುವುದಿಲ್ಲ. ನೀವು ಹೇಗಿದ್ದೀರಿ ಎಂಬುದು ಈಗ ನನ್ನಷ್ಟು ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಕುರ್ಚಿಯಿಂದ ಎದ್ದು ಕಿಟಕಿಯ ಸರಳು ಹಿಡಿದು ನಿಂತರೆ ನಿಮ್ಮ ಗೋರಿಯ ಕರಿಕಲ್ಲು ಕಾಣುತ್ತದೆ. ಇವತ್ತು ಬೆಳಿಗ್ಗೆ ಒಂದು ಕಾಲೇಜಿನ ಬಸ್ಸು ಬಂದಿತ್ತು. ಹುಡುಗಿಯರು ಚಪ್ಪಲಿ ಕೈಯಲ್ಲಿ ಹಿಡಿದು, ಬಟ್ಟೆ ಮೇಲೆತ್ತಿಕೊಂಡು, ಕೆಸರಿನಲ್ಲಿ ಕಾಲಿಡಲು ಜಾಗ ಹುಡುಕುತ್ತ ನಿಮ್ಮ ಹತ್ತಿರ ಬಂದರು, ಫೋಟೋ ತೆಗೆಸಿಕೊಂಡರು, ಹೋದರು. ಅವರ ಅಧ್ಯಾಪಕರು ನನ್ನ ಕಚೇರಿಗೆ ಬಂದು, "ಇಷ್ಟು ದೊಡ್ಡವರನ್ನ ಇಂಥ ತಗ್ಗಲ್ಲಿ ಯಾಕೆ ಮಲಗಿಸಿದ್ದೀರಿ ಮೇಡಂ?" ಎಂದು ಕೇಳಿದರು. ಅವರಿಗೆ ಉತ್ತರ ಕೊಡಲಿಲ್ಲ. ಆ ಉತ್ತರ ಮೊದಲು ಸಲ್ಲಬೇಕಾದ್ದು ನಿಮಗೆ.

ನಾನು ಈ ಸ್ಮಶಾನದ ದಾಖಲೆ ಗುಮಾಸ್ತೆ. ಯಾರನ್ನು, ಯಾವ ದಿನ, ಯಾವ ಸಾಲಿನಲ್ಲಿ ಹೂಳಿದರು ಎಂದು ದಪ್ಪ ಪುಸ್ತಕದಲ್ಲಿ ಬರೆದಿಡುವುದು ನನ್ನ ಕೆಲಸ. ಇಪ್ಪತ್ತೊಂಬತ್ತು ವರ್ಷದಿಂದ ಬರೆಯುತ್ತಿದ್ದೇನೆ. ಅದು ನಿಮಗೆ ಗೊತ್ತಿರಲಿಕ್ಕಿಲ್ಲ. ಆದರೆ ಇಲ್ಲಿ ಗುಂಡಿ ತೋಡುತ್ತಿದ್ದವನ ಹಿರಿ ಮಗಳು ನೆನಪಿರಬೇಕು. ಸಣಕಲಿ ಅಂತ ನೀವೇ ನನಗೆ 'ಕಡ್ಡಿ' ಎಂದು ಹೆಸರಿಟ್ಟಿರಿ. ನಾನು ನಿಮ್ಮನ್ನು 'ನಾಟಕದ ಮಾಮ' ಎನ್ನುತ್ತಿದ್ದೆ. ಆ ಮಾತು ಈಗ ಬಾಯಿಗೆ ಬಂದರೆ ನಾಲಿಗೆ ತೊಳೆದುಕೊಳ್ಳಬೇಕು ಅನ್ನಿಸುತ್ತದೆ.

ನೀವು ಆಗ ಶಾಲೆಯಲ್ಲಿ ಮೇಷ್ಟ್ರಾಗಿದ್ದಿರಿ. ಮಧ್ಯಾಹ್ನ ಪಾಠ ಮುಗಿಸಿಕೊಂಡು, ಇಲ್ಲಿ ಗಲಾಟೆ ಇರುವುದಿಲ್ಲ ಎಂದು, ಬರೆಯುವ ಪುಸ್ತಕ ಹಿಡಿದು ಬರುತ್ತಿದ್ದಿರಿ. ಗೇಟಿನ ಪಕ್ಕದ ಎರಡು ಕೋಣೆಯ ಮನೆ ನಮ್ಮದು. ಪಿಕಾಸಿ ಗುದ್ದಲಿ ಇಡುವ ಶೆಡ್ಡಿನ ಮುಂದೆ ಒಂದು ಮರದ ಬೆಂಚಿತ್ತು. ಅಲ್ಲಿ ನೀವು, ಅಪ್ಪ. ಅಮ್ಮ ಟೀ ಕೊಟ್ಟು ಒಳಗೆ ಬಂದು, "ನಿಮ್ಮಪ್ಪನಿಗೆ ಮಾತಾಡೋಕೆ ಕೊನೆಗೂ ಜೀವ ಇರೋರೊಬ್ಬರು ಸಿಕ್ಕಿದ್ರು" ಎಂದು ನಗುತ್ತಿದ್ದಳು.

ಅಪ್ಪನಿಗೆ ಮಾತೆಂದರೆ ಪ್ರಾಣ. ಗುಂಡಿ ತೋಡುವವನ ಜೊತೆ ಯಾರೂ ನಿಂತು ಮಾತಾಡುವುದಿಲ್ಲ. ಬಂದವರಿಗೆ ಹೋಗುವ ಅವಸರ. ನೀವು ಕೂತಿರಿ, ಕೇಳಿದಿರಿ, ಬರೆದುಕೊಂಡಿರಿ. ಅಪ್ಪ ಕರಗಿಹೋದ. "ದಪ್ಪಗಿದ್ದೋರ ಮನೆಯವರು ಯಾವಾಗಲೂ ಅಳತೆ ಕಮ್ಮಿ ಹೇಳ್ತಾರೆ ಮೇಷ್ಟ್ರೇ. ಸತ್ತ ಮೇಲೂ ಮಾನದ ಚಿಂತೆ. ನಾನು ಕೇಳಿದ್ದಕ್ಕಿಂತ ಒಂದು ಗೇಣು ಜಾಸ್ತೀನೇ ತೋಡ್ತೀನಿ" ಎಂದು ಅಪ್ಪ ಹೇಳಿದ್ದು ನಿಮ್ಮ ಎರಡನೇ ನಾಟಕದಲ್ಲಿ ಹಾಗೇ ಇದೆ, ಒಂದಕ್ಷರ ಬದಲಾಗಿಲ್ಲ. ತಂದೆಯ ತಲೆಯ ಕಡೆ ಯಾರು ನಿಲ್ಲಬೇಕೆಂದು ಅಣ್ಣತಮ್ಮಂದಿರು ಕಿತ್ತಾಡಿ, ಸಂಜೆಯವರೆಗೂ ಗುಂಡಿ ಬಾಯಿ ತೆರೆದುಕೊಂಡೇ ಇದ್ದದ್ದು ಜವಳಿ ಅಂಗಡಿಯವರ ಮನೆಯ ಕತೆ. ಗಂಡನ ಗೋರಿಗಲ್ಲಿನ ಮೇಲೆ ತನ್ನ ಹೆಸರನ್ನೂ ಆಗಲೇ ಕೆತ್ತಿಸಿಕೊಂಡು, ಮರುವರ್ಷ ಇನ್ನೊಬ್ಬನನ್ನು ಮದುವೆಯಾಗಿ, ಸೆರಗಿನಲ್ಲಿ ಉಳಿ ಮುಚ್ಚಿಟ್ಟುಕೊಂಡು ಹೆಸರು ಅಳಿಸಲು ಬಂದ ಹೆಂಗಸಿಗೆ ಸುತ್ತಿಗೆ ಕೊಟ್ಟವನು ನನ್ನಪ್ಪ. ನಿಮ್ಮ ಒಂಬತ್ತು ನಾಟಕಗಳಲ್ಲಿ ಆರರಲ್ಲಿ ಗೋರಿ ಇದೆ. ಎಲ್ಲವನ್ನೂ ಓದಿದ್ದೇನೆ, ವೈರಿಯ ಪತ್ರ ಕದ್ದು ಓದುವವರ ಹಾಗೆ. ಮಣ್ಣಿನ ಮಾತು ಬಲ್ಲ ನಾಟಕಕಾರ ಎಂದು ಪತ್ರಿಕೆಯವರು ನಿಮ್ಮನ್ನು ಕೊಂಡಾಡಿದರು. ಆ ಆರು ಗೋರಿಗಳ ಮಣ್ಣು ಅಪ್ಪನ ಉಗುರಿನ ಸಂದಿಯದು ಎಂದು ಯಾರಿಗೂ ತಿಳಿಯಲಿಲ್ಲ.

ಅಷ್ಟಕ್ಕೇ ಆಗಿದ್ದರೆ ನನಗೆ ಸಿಟ್ಟಿರುತ್ತಿರಲಿಲ್ಲ. ಅಪ್ಪನಿಗೂ ಇರಲಿಲ್ಲ. "ನನ್ನ ಮಾತು ಮೇಷ್ಟ್ರ ಬಾಯಲ್ಲಿ ಎಷ್ಟು ಚೆನ್ನಾಗಿ ಕೇಳಿಸುತ್ತೆ ನೋಡೇ" ಎಂದು ಅಮ್ಮನಿಗೆ ಹೇಳಿ ಹಿಗ್ಗುತ್ತಿದ್ದ.

ನನ್ನ ತಂಗಿಯನ್ನು ನೀವು ನೋಡಿಲ್ಲ. ನೀವು ಬರುವ ಹೊತ್ತಿಗೆ ಅವಳು ಹೋಗಿ ನಾಲ್ಕು ವರ್ಷವಾಗಿತ್ತು. ನಾವು ಅವಳನ್ನು ತುಂಟಿ ಎಂದೇ ಕರೆಯುತ್ತಿದ್ದದ್ದು. ನನಗೆ ಆರು, ಅವಳಿಗೆ ನಾಲ್ಕು. ಮೂರು ದಿನ ಜ್ವರ ಕಾಯಿತು, ನಾಲ್ಕನೆಯ ದಿನ ಅವಳಿರಲಿಲ್ಲ. ಆಗ ತಗ್ಗಿನ ಸಾಲಿನಲ್ಲಿ ಮಾತ್ರ ಜಾಗವಿತ್ತು. ಅಪ್ಪ ಬೇರೆಯವರ ಕೈಗೆ ಗುದ್ದಲಿ ಕೊಡಲಿಲ್ಲ. ತಾನೇ ತೋಡಿದ, ತಾನೇ ಮುಚ್ಚಿದ. ಅಮ್ಮ ಹಾಸಿಗೆ ಹಿಡಿದಳು. ಅಜ್ಜಿ ಬಂದು ಅವಳನ್ನು ತವರಿಗೆ ಕರೆದುಕೊಂಡು ಹೋದಳು. ಅಮ್ಮ ಅಲ್ಲಿದ್ದಾಗಲೇ ಇಲ್ಲಿ ಮಳೆ ಹಿಡಿಯಿತು. ತಗ್ಗಿನ ಸಾಲಿಗೆ ನೀರು ನುಗ್ಗಿತು. ಒಂದು ಬೆಳಗಿನ ಜಾವ ಅಪ್ಪ ಗುಂಡಿ ಬಿಚ್ಚಿ, ಆ ಪುಟ್ಟ ಪೆಟ್ಟಿಗೆಯನ್ನು ಎದೆಗವಚಿಕೊಂಡು, ದಿಬ್ಬ ಹತ್ತಿ, ಒಣಮಣ್ಣಿನಲ್ಲಿ ತುಂಟಿಯನ್ನು ಮತ್ತೆ ಮಲಗಿಸಿದ. ಯಾರ ಅಪ್ಪಣೆಯನ್ನೂ ಕೇಳಲಿಲ್ಲ. ಯಾರಿಗೂ ಹೇಳಲೂ ಇಲ್ಲ.

ಅಮ್ಮ ಚೇತರಿಸಿಕೊಂಡು ಬಂದಳು. ವಾರಕ್ಕೊಮ್ಮೆ ತಗ್ಗಿನ ಗೋರಿಯ ಹತ್ತಿರ ಹೂವು ಹಿಡಿದು ಹೋಗಿ ಕೂತು, ಮಗುವಿನ ಜೊತೆ ಮಾತಾಡಿ ಬರುತ್ತಿದ್ದಳು. ಮೊದಲ ವಾರ ಅಪ್ಪನಿಗೆ ಹೇಳುವ ಧೈರ್ಯ ಬರಲಿಲ್ಲ. ಎರಡನೆಯ ವಾರ ಹೇಳುವುದು ಇನ್ನೂ ಕಷ್ಟವಾಯಿತು. ಆಮೇಲೆ ವರ್ಷಗಳೇ ಆಗಿಹೋದವು. ತಪ್ಪು ಅಪ್ಪನದೂ ಹೌದು, ಇಲ್ಲ ಎನ್ನುವುದಿಲ್ಲ. ಆದರೆ ಅದು ಹೆಂಡತಿಯ ಮುಖ ನೋಡಿ ನಾಲಿಗೆ ಹಿಂಜರಿದವನ ತಪ್ಪು. ಆ ಭಾರ ಹೊರಲಾರದೆ ಒಂದು ದಿನ ಅಪ್ಪ ಅದನ್ನು ಒಬ್ಬರ ಮುಂದೆ ಮಾತ್ರ ಇಳಿಸಿದ. ನಿಮ್ಮ ಮುಂದೆ. "ನಿಮ್ಮ ಹೊಟ್ಟೇಲೇ ಇರ್ಲಿ ಮೇಷ್ಟ್ರೇ" ಎಂದು ಕೈ ಮುಗಿದನಂತೆ.

ನೀವು ಅದನ್ನು ಹೊಟ್ಟೆಯಲ್ಲಿ ಇಟ್ಟುಕೊಂಡಿರಿ. ಎರಡು ವರ್ಷ, ಮೂರು ಅಂಕ ತುಂಬುವವರೆಗೆ.

'ಖಾಲಿ ಗೋರಿ'ಯ ಮೊದಲ ಪ್ರದರ್ಶನಕ್ಕೆ ನೀವೇ ಮನೆಗೆ ಬಂದು ಕರೆದಿರಿ. ಮುಂದಿನ ಸಾಲಿನಲ್ಲಿ ನಾಲ್ಕು ಕುರ್ಚಿ, ಅಜ್ಜಿಯೂ ಬಂದಿದ್ದಳು. ನನಗೆ ಹನ್ನೆರಡು ವರ್ಷ. ಅಪ್ಪ ಬಿಳಿ ಅಂಗಿ ಇಸ್ತ್ರಿ ಮಾಡಿಸಿಕೊಂಡಿದ್ದ. ಪರದೆ ಎದ್ದಾಗ ರಂಗದ ಮೇಲೆ ನಮ್ಮ ಶೆಡ್ಡು, ನಮ್ಮ ಬೆಂಚು. ಗುಂಡಿ ತೋಡುವವನ ವೇಷದವನು ಅಪ್ಪನ ಹಾಗೇ ಒಂದು ಭುಜ ಇಳಿಬಿಟ್ಟು ನಡೆದ. ಅಪ್ಪ ನನ್ನ ತೊಡೆ ತಟ್ಟಿ, "ನಾನೇ ಕಣೇ" ಎಂದ. ಅಷ್ಟು ಸಂತೋಷದ ಮುಖವನ್ನು ಆಮೇಲೆ ನಾನು ನೋಡಲೇ ಇಲ್ಲ.

ನಿಮ್ಮ ನಾಟಕದಲ್ಲಿ ಅವನೊಬ್ಬ ಕುಡುಕ. ಮಳೆ ಬರುತ್ತದೆ, ಸ್ಮಶಾನಕ್ಕೆ ನೀರು ನುಗ್ಗುತ್ತದೆ, ಅವನು ಹೆಂಡದಂಗಡಿಯಲ್ಲಿರುತ್ತಾನೆ. ಬಂದು ನೋಡಿದರೆ ಮಗುವಿನ ಪೆಟ್ಟಿಗೆ ನೀರಿಗೆ ಹೋಗಿದೆ. ಬಾಯಿ ಮುಚ್ಚಿಕೊಂಡು ಖಾಲಿ ಗುಂಡಿಗೆ ಮಣ್ಣೆಳೆಯುತ್ತಾನೆ. ಎರಡನೇ ಅಂಕದಲ್ಲಿ ತಾಯಿ ಅದರ ಮೇಲೆ ಹೂವಿಡುತ್ತಾಳೆ. ಅವನು ಪ್ರೇಕ್ಷಕರ ಕಡೆ ತಿರುಗಿ, ಒಳಗೆ ಏನೂ ಇಲ್ಲ ಎಂದು ಕೈ ಆಡಿಸುತ್ತಾನೆ. ಸಭೆ ನಕ್ಕಿತು. ಅಮ್ಮ ನಗಲಿಲ್ಲ. ಅವಳು ಪಕ್ಕಕ್ಕೆ ತಿರುಗಿ ಅಪ್ಪನ ಮುಖ ನೋಡಿದಳು. ಬಣ್ಣ ಹಚ್ಚದ ಆ ಮುಖದಲ್ಲಿ ಎಲ್ಲ ಬರೆದಿತ್ತು.

ಅಮ್ಮ ಎದ್ದು ನಿಂತಳು. "ನನ್ನ ಮಗು ಎಲ್ಲಿ?"

ಜೋರಾಗಿ ಕಿರುಚಲಿಲ್ಲ. ಮನೆಯಲ್ಲಿ ಕೇಳುವಷ್ಟೇ ದನಿಯಲ್ಲಿ ಕೇಳಿದಳು. ಆದರೆ ಸಭೆ ಪೂರ್ತಿ ಕೇಳಿಸಿಕೊಂಡಿತು. ರಂಗದ ಮೇಲಿನ ನಟಿ ಹೂವು ಹಿಡಿದು ಹಾಗೇ ನಿಂತಳು. ಹಿಂದಿನ ಸಾಲಿನಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಆಮೇಲೆ ಇಡೀ ಸಭೆ. ಅವರಿಗೆ ಅದೂ ನಾಟಕವೇ. ನೀವು ರಂಗದ ಪಕ್ಕದಲ್ಲಿ ನಿಂತಿದ್ದಿರಿ, ನಾನು ನೋಡಿದೆ. ನೀವು ಓಡಿ ಬರಲಿಲ್ಲ, ಪರದೆ ಇಳಿಸಲಿಲ್ಲ. ಜೇಬಿನಿಂದ ಪೆನ್ನು ತೆಗೆದಿರಿ.

ಅಜ್ಜಿ ಕೈ ಹಿಡಿದು ಎಳೆದರೂ ಅಮ್ಮ ಹೊರಗೆ ಬರಲಿಲ್ಲ. ಮತ್ತೆ ಕೂತಳು. ಯಾಕೆ ಕೂತಳೆಂದು ನನಗೆ ಎಷ್ಟೋ ವರ್ಷದ ಮೇಲೆ ಹೇಳಿದಳು: ಮಗು ಎಲ್ಲಿದೆ ಎಂದು ನಾಟಕ ಕೊನೆಗೆ ಹೇಳುತ್ತದೆ ಅಂದುಕೊಂಡಿದ್ದಳಂತೆ.

ನಿಮ್ಮ ನಾಟಕ ಹೇಳಿತು. ಮೂರನೇ ಅಂಕದಲ್ಲಿ ತಾಯಿ ಅವನ ಕೊರಳಪಟ್ಟಿ ಹಿಡಿದಾಗ, ಕುಡುಕ ತತ್ತರಿಸುತ್ತ ದಿಬ್ಬದ ಮೇಲೆ ಹೆಜ್ಜೆ ಎಣಿಸುತ್ತಾನೆ. "ಒಂಬತ್ತು, ಹತ್ತು, ಹನ್ನೊಂದು... ಇಲ್ಲೇ ತಾಯಿ, ಇಲ್ಲೇ ಮಲಗಿದೆ ನಿನ್ನ ಕೂಸು." ಆಮೇಲೆ ನಮ್ಮ ಕಡೆ ಬಗ್ಗಿ, ಕಣ್ಣು ಹೊಡೆದು, "ಎಲ್ಲೋ ಒಂದು ಕಡೆ ತೋರಿಸ್ಲೇಬೇಕಲ್ಲ!" ಹೊಟ್ಟೆ ಹಿಡಿದುಕೊಂಡು ನಕ್ಕರು ಜನ.

ಮನೆಗೆ ಬಂದ ಮೇಲೆ ಅಪ್ಪ ಅಮ್ಮನ ಕಾಲಿಗೆ ಬಿದ್ದ. ಎಲ್ಲ ಹೇಳಿದ. ಮರುದಿನ ಬೆಳಿಗ್ಗೆ ದಿಬ್ಬಕ್ಕೆ ಕರೆದುಕೊಂಡು ಹೋದ. "ಕಲ್ಲಿನ ತೊಟ್ಟಿಯಿಂದ ಹನ್ನೊಂದು ಹೆಜ್ಜೆ, ಆ ಎರಡು ಮರದ ಮಧ್ಯೆ. ಅಲ್ಲೇ ಇದ್ದಾಳೆ ಕಣೇ, ಬೆಚ್ಚಗಿದ್ದಾಳೆ" ಎಂದ. ಹನ್ನೊಂದು ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಮ್ಮ ತೊಟ್ಟಿಯ ಹತ್ತಿರವೇ ನಿಂತುಬಿಟ್ಟಳು. ಆ ನಟ ಕಣ್ಣು ಹೊಡೆದದ್ದು ಅವಳ ಕಣ್ಣ ಮುಂದೆ ಇತ್ತು. ಅಪ್ಪ ಗುದ್ದಲಿ ತಂದು, "ಅಗೆದು ತೋರಿಸ್ಲಾ?" ಎಂದು ಅಂಗಲಾಚಿದ. "ಮಣ್ಣು ಮುಟ್ಟಿದ್ರೆ ನನ್ನ ಆಣೆ" ಎಂದಳು ಅಮ್ಮ. "ಅವಳಿದ್ರೆ ಇನ್ನೊಂದ್ಸಲ ಎಬ್ಬಿಸಬೇಡಿ. ಇಲ್ಲದಿದ್ರೆ ನನಗೆ ನೋಡೋ ಶಕ್ತಿ ಇಲ್ಲ."

ನೀವು ಕದ್ದದ್ದು ಕತೆಯನ್ನಲ್ಲ. ಕತೆ ಕದ್ದಿದ್ದರೆ ನಮ್ಮಲ್ಲಿ ಇನ್ನೂ ಉಳಿದಿರುತ್ತಿತ್ತು. ಅಪ್ಪ ನಿಮಗೆ ನಿಜ ಹೇಳಿದ್ದ, ನೀವು ಅದನ್ನು ನಗೆಮಾತಾಗಿ ತಿರುಚಿದಿರಿ. ಆಮೇಲೆ ಅವನು ಅದೇ ನಿಜವನ್ನು ಹೆಂಡತಿಗೆ ಹೇಳಿದಾಗ, ಅವಳ ಕಿವಿಗೆ ನಿಮ್ಮ ನಗೆಮಾತೇ ಕೇಳಿಸಿತು.

ಎರಡನೇ ಪ್ರದರ್ಶನದಿಂದ ನಾಟಕಕ್ಕೊಂದು ಹೊಸ ಸಾಲು ಸೇರಿತು. ನಟಿ ರಂಗದಿಂದ ಇಳಿದು, ಪ್ರೇಕ್ಷಕರ ನಡುವೆ ನಿಂತು, ಮೆಲ್ಲನೆಯ ದನಿಯಲ್ಲಿ "ನನ್ನ ಮಗು ಎಲ್ಲಿ?" ಎಂದು ಕೇಳುತ್ತಿದ್ದಳು. ಊರೂರಲ್ಲಿ ಜನ ಆ ಸಾಲಿಗಾಗಿ ಕಾದು ಕೂತರು. ಶಾಲೆಯ ಪುಸ್ತಕದಲ್ಲೂ ಬಂತು. ನನ್ನ ಅಮ್ಮನ ಬಾಯಿಯ ಮಾತನ್ನು ಸಂದರ್ಭಸಹಿತ ವಿವರಿಸಿ ಎಂದು ಪರೀಕ್ಷೆಯಲ್ಲಿ ಕೇಳಿದರು, ಗೊತ್ತೇ? ನಾನು ಆ ಪ್ರಶ್ನೆಯನ್ನು ಬಿಟ್ಟು ಬಂದೆ.

ಇದೆಲ್ಲ ನಡೆದದ್ದೇ ಎಂದು ನೀವು ಪತ್ರಿಕೆಯೊಂದಕ್ಕೆ ಹೆಮ್ಮೆಯಿಂದ ಹೇಳಿಕೊಂಡಿರಿ. ಸ್ಮಶಾನ ಮಂಡಳಿಯವರು ಅದನ್ನು ಓದಿದರು. ಲಿಖಿತ ಅಪ್ಪಣೆಯಿಲ್ಲದೆ ಹೂತ ದೇಹವನ್ನು ಎತ್ತಿ ಬೇರೆ ಕಡೆ ಇಡುವುದು ಅಪರಾಧ. ಪೆಟ್ಟಿಗೆ ಏನಾಯಿತು, ವಾರದೊಳಗೆ ಉತ್ತರ ಕೊಡು ಎಂದು ಅಪ್ಪನನ್ನು ಕರೆಸಿ ಹೇಳಿದರು. ಸುಳ್ಳು ಹೇಳಲು ಅವನಿಗೆ ಬರುತ್ತಿರಲಿಲ್ಲ. ಆದರೂ ಒಂದು ಕೊನೆಯ ಪ್ರಯತ್ನ ಎಂದು ನನ್ನ ಕೈ ಹಿಡಿದುಕೊಂಡು ನಿಮ್ಮ ಹೊಸ ಮನೆಗೆ ಬಂದ. ನೀವು ವರಾಂಡದಲ್ಲಿ ಕೂತು ಪ್ರೂಫ್ ತಿದ್ದುತ್ತಿದ್ದಿರಿ. ಕೂತ್ಕೋ ಎನ್ನಲಿಲ್ಲ.

"ಒಂದೇ ಒಂದು ಸಾಲು ಬರ್ಕೊಡಿ ಮೇಷ್ಟ್ರೇ. ಇದು ಕಟ್ಟುಕತೆ, ಇದಕ್ಕೂ ಇವನಿಗೂ ಸಂಬಂಧ ಇಲ್ಲ ಅಂತ. ಮನೆ ಹೋಗುತ್ತೆ, ಕೆಲಸ ಹೋಗುತ್ತೆ. ಹೆಂಡ್ತಿ ಹೆಂಗೂ ಮಾತಾಡ್ತಿಲ್ಲ."

ನೀವು ಕನ್ನಡಕ ತೆಗೆದು ಒರೆಸಿಕೊಂಡಿರಿ. "ನೋಡಪ್ಪ, ಈ ನಾಟಕ ನಿಂತಿರೋದೇ ಸತ್ಯದ ಮೇಲೆ. ನಾನೇ ಅದನ್ನ ಸುಳ್ಳು ಅಂದ್ರೆ ನಾಳೆ ಜನ ನನ್ನನ್ನ ನಂಬ್ತಾರಾ?" ಎಂದಿರಿ. ಒಳಗೆ ಹೋಗಿ ಬಂದು, ನೂರನೇ ಪ್ರದರ್ಶನದ ಎರಡು ಟಿಕೆಟ್ಟನ್ನು ಅಪ್ಪನ ಕೈಗಿಟ್ಟಿರಿ.

ಸತ್ಯ! ಆ ಮಾತನ್ನು ಎಷ್ಟು ಸಲೀಸಾಗಿ ಹೇಳಿದಿರಿ! ಅಪ್ಪ ಟಿಕೆಟ್ಟುಗಳನ್ನು ಹರಿಯಲಿಲ್ಲ. ನಿಮ್ಮ ಗೇಟಿನ ಕಂಬಿಯ ಸಂದಿಯಲ್ಲಿ ಮಡಿಸಿ ಸಿಕ್ಕಿಸಿ ಬಂದ. ಹರಿಯಬೇಕಿತ್ತು ಎಂದು ನಾನು ಎಷ್ಟೋ ವರ್ಷ ಹಲ್ಲು ಕಚ್ಚಿದ್ದೇನೆ.

ನಾವು ಇಟ್ಟಿಗೆ ಗೂಡಿನ ಹಿಂದಿನ ಒಂದು ಕೋಣೆಗೆ ಹೋದೆವು. ಅಪ್ಪ ಪೈಪು ಹೂಳುವ ಕಾಲುವೆ ತೋಡುವ ಕೆಲಸಕ್ಕೆ ಸೇರಿದ. ಜೊತೆಯವರು "ಏಯ್ ಖಾಲಿ ಗೋರಿ" ಎಂದೇ ಕರೆಯುತ್ತಿದ್ದರು, ಹೆಸರೇ ಅದಾಯಿತು. ಅಮ್ಮ ಅಡಿಗೆ ಮಾಡಿದಳು, ಬಟ್ಟೆ ಒಗೆದಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕಿದಳು, ಆದರೆ ಅಪ್ಪನ ಜೊತೆ ಮಾತಾಡಲಿಲ್ಲ. "ನಿಮ್ಮಪ್ಪನಿಗೆ ಹೇಳು" ಎಂದು ನನ್ನ ಕಡೆ ತಿರುಗುತ್ತಿದ್ದಳು. ಅಪ್ಪ ಎದುರಿಗೇ ಇರುತ್ತಿದ್ದ. ಹನ್ನೊಂದು ವರ್ಷ ಆ ಕೋಣೆಯಲ್ಲಿ ನಾನು ಅವರಿಬ್ಬರ ನಡುವೆ ಅಂಚೆಯವಳಾಗಿದ್ದೆ. ಸ್ಮಶಾನಕ್ಕೆ ಅಮ್ಮ ಮತ್ತೆ ಕಾಲಿಡಲಿಲ್ಲ. ತಗ್ಗಿಗೂ ಹೋಗಲಿಲ್ಲ, ದಿಬ್ಬಕ್ಕೂ ಹೋಗಲಿಲ್ಲ. ಅವಳ ಪಾಲಿಗೆ ಮಗು ಎಲ್ಲೂ ಇರಲಿಲ್ಲ.

ಅಪ್ಪ ಕಾಲುವೆಯ ಕೆಲಸದಲ್ಲೇ ಕುಸಿದು ಹೋದ. ಆಸ್ಪತ್ರೆಯಲ್ಲಿ ಕೊನೆಯದಾಗಿ ಕೇಳಿದ್ದು, "ನಿಮ್ಮಮ್ಮ ನಂಬಿದ್ಲಾ?" ನಾನು ಹೂಂ ಎಂದೆ. ನನ್ನ ಜೀವನದ ದೊಡ್ಡ ಸುಳ್ಳು ಅದು. ಅದರ ಪಾಪವೂ ನಿಮ್ಮ ತಲೆಗೇ. ತುಂಟಿಯ ಪಕ್ಕ ಹೂಳಿ ಎಂದು ಮಂಡಳಿಯನ್ನು ಬೇಡಿಕೊಂಡೆ. ಕೆಲಸದಿಂದ ತೆಗೆದವನಿಗೆ ದಿಬ್ಬದಲ್ಲಿ ಜಾಗವಿಲ್ಲ ಎಂದರು. ಊರಾಚೆಯ ಅನಾಥರ ಸಾಲಿನಲ್ಲಿ ಹೂತೆವು.

ಎರಡು ವರ್ಷದ ಮೇಲೆ ಪರೀಕ್ಷೆ ಬರೆದು ಪುರಸಭೆಯ ಗುಮಾಸ್ತೆಯಾದೆ. ಬೇರೆಯವರು ನೀರಿನ ವಿಭಾಗ, ರಸ್ತೆ ವಿಭಾಗ ಎಂದು ಹಾತೊರೆಯುತ್ತಿದ್ದಾಗ ನಾನು ಸ್ಮಶಾನ ಕೊಡಿ ಎಂದೆ. ಹುಚ್ಚಿ ಎಂದುಕೊಂಡರು. ನನ್ನ ಲೆಕ್ಕ ಸರಳವಾಗಿತ್ತು: ನೀವು ಎಷ್ಟೇ ಮೇಲೆ ಏರಿದರೂ ಒಂದಲ್ಲ ಒಂದು ದಿನ ಯಾರದೋ ಮೇಜಿನ ಮೇಲೆ ನಿಮ್ಮ ಕಾಗದ ಬರಲೇಬೇಕು. ಆ ಮೇಜು ನನ್ನದಾಗಿರಲಿ. ಆ ಕುರ್ಚಿಯಲ್ಲಿ ಕೂತು ನಿಮ್ಮ ಸನ್ಮಾನಗಳ ಸುದ್ದಿ ಓದಿದೆ, ನಿಮ್ಮ ಷಷ್ಟ್ಯಬ್ದಿಯ ಸುದ್ದಿ ಓದಿದೆ. ನಾಟಕಗಳಲ್ಲಿ ಗೋರಿ ಯಾಕೆ ಮತ್ತೆ ಮತ್ತೆ ಬರುತ್ತದೆ ಎಂದು ಯಾರೋ ಕೇಳಿದಾಗ, "ಅದು ನನ್ನೊಳಗಿನ ನೋವು" ಎಂದಿರಿ. ಓದಿ ನಕ್ಕೆ. ಕಾಯುವುದು ನನಗೆ ಭಾರವೆನಿಸಲಿಲ್ಲ. ಗುಂಡಿ ತೋಡುವವನ ಮಗಳು. ಯಾರೂ ತಪ್ಪಿಸಿಕೊಂಡು ಹೋಗುವುದಿಲ್ಲ ಎಂದು ಗೊತ್ತಿತ್ತು.

ಈ ಬೇಸಿಗೆಯಲ್ಲಿ ನೀವು ಬಂದಿರಿ.

ನಿಮ್ಮ ನಾಟಕ ಸಂಘದ ಕಾರ್ಯದರ್ಶಿ ಬೆವರು ಒರೆಸಿಕೊಳ್ಳುತ್ತ ಕಚೇರಿಗೆ ಬಂದರು. ನಿಮ್ಮ ಉಯಿಲಿನ ನಕಲು ತಂದಿದ್ದರು. ಅದರಲ್ಲಿ ನೀವು ಬರೆದಿದ್ದಿರಿ: 'ನನ್ನ ಗೆಳೆಯ, ಗುಂಡಿ ತೋಡುವವನು, ತನ್ನ ಮಗುವನ್ನು ಮಲಗಿಸಿದ ಜಾಗದ ಪಕ್ಕದಲ್ಲಿ ನನ್ನನ್ನು ಹೂಳಬೇಕು.' ಜಾಗ ಗುರುತಿಸಲು ನಿಮ್ಮ ಹಳೆಯ ಟಿಪ್ಪಣಿ ಪುಸ್ತಕದ ಒಂದು ಹಾಳೆಯನ್ನೂ ಲಗತ್ತಿಸಿದ್ದಿರಿ. ನಾಟಕಕ್ಕಿಂತ ಎರಡು ವರ್ಷ ಹಿಂದಿನ ತಾರೀಖು. 'ಇವತ್ತು ಅವನು ದಿಬ್ಬಕ್ಕೆ ಕರೆದುಕೊಂಡು ಹೋಗಿ ತೋರಿಸಿದ. ಕಲ್ಲಿನ ತೊಟ್ಟಿಯಿಂದ ಹನ್ನೊಂದು ಹೆಜ್ಜೆ, ಎರಡು ಮರಗಳ ನಡುವೆ. ಮಣ್ಣಿನ ಮೇಲೆ ಕೈಯಿಟ್ಟು ಬಹಳ ಹೊತ್ತು ಕೂತಿದ್ದ. ಹೆಂಡತಿಗೆ ಇನ್ನೂ ಹೇಳಿಲ್ಲವಂತೆ. ಅತ್ತ.'

ನಿಮ್ಮ ಅಕ್ಷರ ನನಗೆ ಗೊತ್ತು. ಶೆಡ್ಡಿನ ಬೆಂಚಿನ ಮೇಲೆ ನಿಮ್ಮ ಪಕ್ಕ ಕೂತು ನೋಡಿದ ಅಕ್ಷರ ಅದು. ನಿಮಗೆ ಗೊತ್ತಿತ್ತು. ನಲವತ್ತನಾಲ್ಕು ವರ್ಷ ನಿಮಗೆ ಗೊತ್ತಿತ್ತು. ಅಪ್ಪ ನಿಮ್ಮ ವರಾಂಡದಲ್ಲಿ ನಿಂತಿದ್ದಾಗ ಈ ಹಾಳೆ ಒಳಗಿನ ಕಪಾಟಿನಲ್ಲಿತ್ತು. ಟಿಕೆಟ್ಟಿನ ಬದಲು ಇದನ್ನು ಅವನ ಕೈಗೆ ಕೊಟ್ಟಿದ್ದರೆ ಅಮ್ಮನ ಜೊತೆ ಅವನು ಹನ್ನೊಂದು ವರ್ಷ ಮಾತಾಡಿಕೊಂಡು ಬದುಕುತ್ತಿದ್ದ. ನಾಟಕದ ನಗು ಕಮ್ಮಿಯಾಗುತ್ತದೆ ಎಂದು ಕೊಡಲಿಲ್ಲ ತಾನೇ? ಆದರೆ ನಿಮ್ಮ ಹೆಣಕ್ಕೆ ಒಳ್ಳೆಯ ಜಾಗ ಬೇಕಾದಾಗ ಅದು ತಕ್ಷಣ ಹೊರಗೆ ಬಂತು. ಗೆಳೆಯ ಅಂತೆ, ಗೆಳೆಯ!

"ನಾಳೆ ಮಂತ್ರಿಗಳು ಬರ್ತಾರೆ ಮೇಡಂ, ಬೇಗ ಜಾಗ ತೋರಿಸಿ" ಎಂದರು ಕಾರ್ಯದರ್ಶಿ.

ನಾನು ನೀರು ಕುಡಿದೆ. ನಿಯಮದ ಪುಸ್ತಕ ತೆಗೆದು ಅವರ ಮುಂದಿಟ್ಟೆ. ದಿಬ್ಬದ ಸಾಲು ಮುಚ್ಚಿ ಇಪ್ಪತ್ತೈದು ವರ್ಷವಾಗಿದೆ. ಅಲ್ಲಿ ಮಲಗಿದವರ ರಕ್ತಸಂಬಂಧಿಗಳಿಗೆ ಬಿಟ್ಟು ಹೊಸದಾಗಿ ಯಾರಿಗೂ ಜಾಗವಿಲ್ಲ. ಇದು ಸುಳ್ಳಲ್ಲ, ಅಚ್ಚಾದ ನಿಯಮ. ಕಾರ್ಯದರ್ಶಿಯ ಮುಖ ಬಾಡಿತು. ಆಗ ನಾನೇ ಹೇಳಿದೆ: "ಆದ್ರೆ ನಾಟಕದಲ್ಲಿ ಬರೋ ಆ ಖಾಲಿ ಗೋರಿ ಇದೆಯಲ್ಲ ಸರ್, ನಿಜವಾದದ್ದು. ಅದು ಇವತ್ತಿಗೂ ಖಾಲೀನೇ ಇದೆ."

ಅವರು ಕುರ್ಚಿಯಿಂದ ಎದ್ದೇ ಬಿಟ್ಟರು. "ಅದೇ! ಅದೇ ಗೋರಿ! ಇದಕ್ಕಿಂತ ದೊಡ್ಡ ಗೌರವ ಏನಿದೆ ಮೇಡಂ? ಪತ್ರಿಕೆಯವರಿಗೆ ಈಗಲೇ ಹೇಳ್ತೀನಿ" ಎಂದು ನನ್ನ ಕೈ ಹಿಡಿದು ಕುಲುಕಿದರು. ಬೇಸಿಗೆಯಾದ್ದರಿಂದ ತಗ್ಗು ಒಣಗಿ ಹಸನಾಗಿತ್ತು. ಮಳೆಗಾಲದಲ್ಲಿ ಅಲ್ಲಿ ಏನಾಗುತ್ತದೆ ಎಂದು ಅವರು ಕೇಳಲಿಲ್ಲ. ನಾಟಕದಲ್ಲಿ ಬಂದಿದೆಯಲ್ಲ, ಓದಿಲ್ಲವೇನೋ!

ಮರುದಿನ ಮಂತ್ರಿ ಬಂದರು, ಜನ ಬಂದರು. ಆ ಹಳೆಯ ನಟಿಯನ್ನು ಇಬ್ಬರು ಹಿಡಿದುಕೊಂಡು ಕರೆತಂದರು. ನಿಮ್ಮ ಪೆಟ್ಟಿಗೆ ಇಳಿಸುವಾಗ ಅವಳು ನಡುಗುವ ದನಿಯಲ್ಲಿ "ನನ್ನ ಮಗು ಎಲ್ಲಿ?" ಎಂದಳು. ಜನ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ನಾನು ಹಿಂದೆ ನಿಂತು, ಗುಂಡಿ ತೋಡುವ ಇಬ್ಬರೂ ಅಳತೆ ಸರಿಯಾಗಿ ತೆಗೆದಿದ್ದಾರೆಯೇ ಎಂದು ನೋಡಿಕೊಂಡೆ. ನನ್ನ ಕೆಲಸದಲ್ಲಿ ಲೋಪ ಮಾಡಲಿಲ್ಲ.

ಆ ಹಾಳೆಯ ನಕಲನ್ನು ಮನೆಗೆ ಒಯ್ದು ಅಮ್ಮನಿಗೆ ಓದಿ ಹೇಳಿದೆ. ಅವಳಿಗೀಗ ಎಪ್ಪತ್ತೆಂಟು. ತಾರೀಖು ಎರಡು ಸಲ ಓದಿಸಿದಳು. ಹನ್ನೊಂದು ಹೆಜ್ಜೆ ಎಂಬುದನ್ನು ಮೂರು ಸಲ ಓದಿಸಿದಳು. ಆಮೇಲೆ ಗೋಡೆಯ ಕಡೆ ತಿರುಗಿ ಮಲಗಿದವಳು ಎರಡು ದಿನ ಏಳಲಿಲ್ಲ. ಮೂರನೆಯ ದಿನ ತಲೆ ಬಾಚಿಕೊಂಡು, "ನಡಿ" ಎಂದಳು.

ದಿಬ್ಬ ಹತ್ತಲು ಅವಳಿಗೆ ಮುಕ್ಕಾಲು ಗಂಟೆ ಹಿಡಿಯಿತು. ಕಲ್ಲಿನ ತೊಟ್ಟಿ ಇನ್ನೂ ಇದೆ. ಅದನ್ನು ಮುಟ್ಟಿ, ತಾನೇ ಎಣಿಸುತ್ತ ಹೊರಟಳು. ಹನ್ನೊಂದಕ್ಕೆ ನಿಂತಾಗ ಮರಗಳು ಇನ್ನೂ ದೂರದಲ್ಲಿದ್ದವು. ಮುಖ ಬಿಳಿಚಿಕೊಂಡು ನನ್ನನ್ನು ನೋಡಿದಳು. "ನಿಂದು ಮುದುಕಿ ಹೆಜ್ಜೆ ಕಣಮ್ಮ, ಅಪ್ಪಂದು ಉದ್ದ" ಎಂದು ನಾನು ಮತ್ತೆ ತೊಟ್ಟಿಯಿಂದ ಹೊರಟೆ. ಚಿಕ್ಕವಳಿದ್ದಾಗ ಅಪ್ಪನ ಪಕ್ಕ ಓಡಿ ಓಡಿ ಅವನ ಹೆಜ್ಜೆ ನನಗೆ ಬಾಯಿಪಾಠ. ಹನ್ನೊಂದನೆಯದಕ್ಕೆ ಸರಿಯಾಗಿ ಎರಡು ಮರಗಳ ನಡುವೆ ನಿಂತೆ. ಅಮ್ಮ ಬಂದು ಕೂತಳು. ಮಗುವಿನ ಬೆನ್ನು ಸವರುವ ಹಾಗೆ ಮಣ್ಣು ಸವರಿದಳು. ಅಳಲಿಲ್ಲ. ಮಣ್ಣಿನಿಂದ ಕೈ ತೆಗೆಯದೆಯೇ, "ಅವರನ್ನ ಇಲ್ಲಿಗೆ ಕರ್ಕೊಂಡು ಬಾ" ಎಂದಳು. "ಈಗಲೇ ಬರ್ಕೊಳ್ಳೋ ಕಾಗದ ತಾ."

ಅಪ್ಪನನ್ನು ದಿಬ್ಬಕ್ಕೆ ತರುವ ಸ್ಥಳಾಂತರದ ಅರ್ಜಿ. ಅಪ್ಪನ ಕೆಲಸ ಹೋದದ್ದು ಆ ಕಾಗದ ಇಲ್ಲದ್ದಕ್ಕೇ. ಅಮ್ಮ ಹೆಬ್ಬೆಟ್ಟು ಒತ್ತಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಹೂತ ಮಗುವಿನ ತಂದೆ, ರಕ್ತಸಂಬಂಧ, ನಿಯಮಕ್ಕೆ ಬದ್ಧ. ನಾನು ಸಹಿ ಹಾಕಿ, ಮೊಹರು ಒತ್ತಿ, ಮಂಡಳಿಗೆ ಕಳಿಸಿದೆ. ಈಗಿನ ಅಧ್ಯಕ್ಷರಿಗೆ ಹಳೆಯದೇನೂ ಗೊತ್ತಿಲ್ಲ; ಒಪ್ಪಿಗೆ ಬರಲು ಎರಡು ತಿಂಗಳಾಯಿತು, ಆದರೆ ಬಂತು.

ಅಷ್ಟರಲ್ಲಿ ಮಳೆ ಹಿಡಿದಿತ್ತು. ಈಗಿನ ಗುಂಡಿ ತೋಡುವವರಲ್ಲೊಬ್ಬ ಒಂದು ಬೆಳಿಗ್ಗೆ ಬಂದು, "ಮೇಡಂ, ನಾಟಕದ ಸಾಹೇಬ್ರ ಹತ್ರ ಮೊಣಕಾಲುದ್ದ ನೀರು. ಒಳಗೂ ಇಳಿದಿರತ್ತೆ. ಎತ್ತಿ ಮೇಲೆ ಇಟ್ಟುಬಿಡೋಣ್ವಾ?" ಎಂದ. ಪಾಪ, ಒಳ್ಳೆಯವನು. ನಾನು ಪುಸ್ತಕ ತೆಗೆದು ನಿಮ್ಮ ಹೆಸರಿನ ಮುಂದೆ ಬರೆದೆ: 'ನೀರು ನಿಂತಿದೆ. ಸ್ಥಳಾಂತರಕ್ಕೆ ಅರ್ಜಿ ಬಂದಿಲ್ಲ.' ಆಮೇಲೆ ಅವನಿಗೆ ಹೇಳಿದೆ, "ಅಪ್ಪಣೆ ಇಲ್ಲದೆ ಎತ್ತಬಾರದಪ್ಪ. ಕೆಲಸ ಹೋಗುತ್ತೆ."

ನಿಮ್ಮ ಕಾರ್ಯದರ್ಶಿಗೂ ಪತ್ರ ಬರೆದೆ, ಕರ್ತವ್ಯ ತಪ್ಪಿಸಲಿಲ್ಲ. ಅವರಿಂದ ಉತ್ತರ ಬಂತು. ಖಾಲಿ ಗೋರಿಯಲ್ಲಿ ನಾಟಕಕಾರರು ಎಂಬುದು ಈಗಾಗಲೇ ಪ್ರಸಿದ್ಧವಾಗಿರುವುದರಿಂದ ಬದಲಾಯಿಸುವುದು ಉಚಿತವಲ್ಲವಂತೆ. ಜನ ನೊಂದುಕೊಳ್ಳುತ್ತಾರಂತೆ. ನೋಡಿ, ನಾನು ಒಬ್ಬಳೇ ಅಲ್ಲ. ನಿಮ್ಮ ನಾಟಕವೂ ನಿಮ್ಮನ್ನು ಅಲ್ಲೇ ಹಿಡಿದುಕೊಂಡಿದೆ.

ನನ್ನ ಮನಸ್ಸಿಗೆ ಅಳುಕಾಗಲಿಲ್ಲವೇ ಎಂದು ನೀವು ಕೇಳಬಹುದು. ಒಂದು ದಿನ ಆಯಿತು. ಕೊಡೆ ಹಿಡಿದು ತಗ್ಗಿಗೆ ಹೋದೆ, ನೀರಿನಲ್ಲಿ ನಿಮ್ಮ ಕಲ್ಲಿನ ಮೇಲಿನ ಅರ್ಧ ಮಾತ್ರ ಕಾಣುತ್ತಿತ್ತು. ಅಪ್ಪ ಇದ್ದಿದ್ದರೆ ಇಷ್ಟು ಹೊತ್ತಿಗೆ ಪಂಚೆ ಕಟ್ಟಿ, ಗುದ್ದಲಿ ಹಿಡಿದು ನಿಮ್ಮನ್ನು ಎತ್ತುತ್ತಿದ್ದ ಎಂದು ಗೊತ್ತಾಯಿತು. ಅಪ್ಪಣೆಗೆ ಕಾಯುತ್ತಿರಲಿಲ್ಲ. ಯಾರಿಗೂ ಹೇಳುತ್ತಲೂ ಇರಲಿಲ್ಲ. ನಾನು ಅಪ್ಪನಷ್ಟು ಒಳ್ಳೆಯವಳಲ್ಲ. ಹಾಗಾಗಲು ಬಿಡದವರು ನೀವು. ಕೊಡೆ ಮಡಿಸಿ ವಾಪಸು ಬಂದೆ.

ನಿನ್ನೆ ಬೆಳಿಗ್ಗೆ, ಮಳೆ ಬಿಡುವು ಕೊಟ್ಟಾಗ, ಅಪ್ಪ ಬಂದ. ಮೂವತ್ತೊಂದು ವರ್ಷ ಆದ ಮೇಲೆ ಒಬ್ಬ ಮನುಷ್ಯ ಎಷ್ಟು ಹಗುರಾಗುತ್ತಾನೆ ಎಂದು ನಿಮ್ಮ ಆರು ನಾಟಕದಲ್ಲಿ ಎಲ್ಲೂ ಬರೆದಿಲ್ಲ. ಪೆಟ್ಟಿಗೆಯನ್ನು ನಾನೊಬ್ಬಳೇ ಎತ್ತಿದೆ. ತುಂಟಿಯ ಬಲಗಡೆ, ಅವಳು ಎಳ್ಳಷ್ಟೂ ಅಲುಗದ ಹಾಗೆ ತೋಡಿಸಿದ್ದೆ. ಅಮ್ಮ ಮರಕ್ಕೆ ಒರಗಿ ನಿಂತಿದ್ದಳು. ಮಣ್ಣು ಮುಚ್ಚಿದ ಮೇಲೆ ಹತ್ತಿರ ಬಂದಳು. ನನ್ನ ಕಡೆ ತಿರುಗುತ್ತಾಳೆ ಎಂದುಕೊಂಡೆ. ತಿರುಗಲಿಲ್ಲ. ನೆಲ ನೋಡಿಕೊಂಡೇ ಹೇಳಿದಳು:

"ಸರಿಯಾಗೇ ಎಣಿಸಿದ್ರಿ ಕಣ್ರೀ. ನಾನೇ ತಪ್ಪಿದೆ."

ಇಷ್ಟು ನಿಮಗೆ ತಿಳಿಸಬೇಕಿತ್ತು. ನೀವು ಕೇಳಿದ ಜಾಗ ಇನ್ನು ಖಾಲಿ ಇಲ್ಲ. ಪುಸ್ತಕದಲ್ಲಿ ಬರೆದಾಗಿದೆ, ಶಾಯಿ ಒಣಗಿದೆ.

ನಿಮ್ಮ ಕೀರ್ತಿ ಬೆಳೆಯಲಿ, ಬಸ್ಸುಗಟ್ಟಲೆ ಜನ ನಿಮ್ಮ ತಗ್ಗಿಗೇ ಬರುತ್ತಿರಲಿ, ಒಬ್ಬರೂ ದಿಬ್ಬ ಹತ್ತದಿರಲಿ. ನಿಮಗೆ ಇದೇ ನನ್ನ ಹಾರೈಕೆ, ನೀರಿಳಿಯುವವರೆಗೂ, ಮತ್ತೆ ಏರುವಾಗಲೂ.

ಇಂತಿ,
ಗುಂಡಿ ತೋಡುತ್ತಿದ್ದವನ ಹಿರಿ ಮಗಳು